ಊರು, ದಾರಿ, ಕಾಲ: ನಾಯಂಡಹಳ್ಳಿಯ ನೆಲೆಯಿಂದ ಜಾನಪದೀಯ ‘ಪ್ರದೇಶ’ ಕಲ್ಪನೆಯ ಮರುಪರಿಶೀಲನೆ

ಪ್ರದೇಶದಿಂದ ಪ್ರದೇಶಕ್ಕೆ ಸಂಸ್ಕೃತಿ ಭಿನ್ನವಾಗುತ್ತದೆ, ಕಾಲದಿಂದ ಕಾಲಕ್ಕೆ ಅದು ಮಾರ್ಪಡುತ್ತದೆ ಎಂಬ ಎರಡು ಮಾತುಗಳನ್ನು ಜಾನಪದ ವಿದ್ವಾಂಸರು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಈ ಎರಡು ಮಾತುಗಳಿಗೆ ಪರಸ್ಪರ ಇರುವ ಸಂಬಂಧವೇನು ಎಂಬ ಪ್ರಶ್ನೆಯನ್ನು ಕನ್ನಡ ಜಾನಪದ ಅಧ್ಯಯನ ಬಹುಮಟ್ಟಿಗೆ ಕೇಳದೆಯೇ ಮುಂದೆ ಸಾಗಿದೆ. ಕೇಳದೆ ಬಿಟ್ಟ ಪ್ರಶ್ನೆಗೆ ಒಂದು ಉತ್ತರ ತಾನಾಗಿಯೇ ನೆಲೆಗೊಂಡುಬಿಟ್ಟಿದೆ. ನಗರದಿಂದ ದೂರ ಹೋದಷ್ಟೂ ಹಳೆಯ ಕಾಲಕ್ಕೆ ಹತ್ತಿರವಾಗಬಹುದು ಎಂಬುದೇ ಆ ಉತ್ತರ. ಮೈಲಿಗಳನ್ನು ವರ್ಷಗಳಾಗಿ ಎಣಿಸುವ, ಪ್ರದೇಶವನ್ನು ಕಾಲವೆಂದು ಓದುವ ಈ ಕ್ರಮವು ಸಂಗ್ರಹ, ವರ್ಗೀಕರಣ, ವ್ಯಾಖ್ಯಾನ ಈ ಮೂರೂ ಹಂತಗಳಲ್ಲಿ ಹೇಗೆ ಕೆಲಸ ಮಾಡಿದೆ, ಅದರಿಂದ ಯಾರು ಅಧ್ಯಯನದ ಹೊರಗೆ ಉಳಿದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪರಿಶೀಲನೆಗೆ ನಿಲ್ಲಲು ಒಂದು ನೆಲೆ ಬೇಕು. ಆ ನೆಲೆಯಾಗಿ ಪಶ್ಚಿಮ ಬೆಂಗಳೂರಿನ ನಾಯಂಡಹಳ್ಳಿಯನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ.

ಈ ಆಯ್ಕೆ ಆಕಸ್ಮಿಕವಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆಯನ್ನು ಹೊರವರ್ತುಲ ರಸ್ತೆ ಸಂಧಿಸುವ ಸ್ಥಳದಲ್ಲಿ ನಾಯಂಡಹಳ್ಳಿ ಇದೆ. 1881-82ರಲ್ಲಿ ಹಾಕಲಾದ ಬೆಂಗಳೂರು–ಮೈಸೂರು ರೈಲುಮಾರ್ಗ ಇದರ ಪಕ್ಕದಲ್ಲಿಯೇ ಹಾದುಹೋಗುತ್ತದೆ. ವೃಷಭಾವತಿ ನದಿ ಇದರ ಮಗ್ಗುಲಲ್ಲಿ ಹರಿಯುತ್ತದೆ. 2021ರ ಆಗಸ್ಟ್ ಕೊನೆಯಲ್ಲಿ ಕೆಂಗೇರಿಯವರೆಗೆ ವಿಸ್ತರಣೆಗೊಂಡ ಮೆಟ್ರೊ ಮಾರ್ಗದಲ್ಲಿ ಇದರ ಹೆಸರಿನ ನಿಲ್ದಾಣವೊಂದಿದೆ. ಹಳೆಯ ಪ್ಲಾಸ್ಟಿಕ್ಕನ್ನು ಬಣ್ಣಬಣ್ಣವಾಗಿ ವಿಂಗಡಿಸಿ, ಕುಟ್ಟಿ, ಮರುಬಳಕೆಗೆ ಸಿದ್ಧಪಡಿಸುವ ಸಣ್ಣ ಘಟಕಗಳಿಗೂ ಈ ಸ್ಥಳ ಹೆಸರಾಗಿದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಇಲ್ಲಿಂದ ಕೂಗಳತೆಗಿಂತ ಸ್ವಲ್ಪವೇ ಆಚೆ ಇದೆ. ಎಚ್.ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ಆರಂಭಗೊಂಡ ‘ಜಾನಪದ ಲೋಕ’ಕ್ಕೆ ಬೆಂಗಳೂರಿನಿಂದ ಹೊರಡುವ ಅಧ್ಯಯನ ಪ್ರವಾಸಗಳ ವಾಹನಗಳು ರಾಮನಗರದ ಕಡೆಗೆ ಸಾಗುವುದೂ ಇದೇ ದಾರಿಯಲ್ಲಿ. ಜಾನಪದವನ್ನು ಕಾಣಲು ಹೊರಟವರು ದಾಟಿಹೋಗುವ ಊರು ಇದು. ದಾಟಿಹೋಗುವುದಕ್ಕೆ ಕಾರಣ ಸಮಯದ ಅಭಾವವಲ್ಲ. ಅಲ್ಲಿ ನಿಲ್ಲಬೇಕೆಂದು ಹೇಳುವ ಸಿದ್ಧಾಂತ ಇಲ್ಲದಿರುವುದೇ ಕಾರಣ.

ಸಂಗ್ರಹದ ಹಂತದಿಂದಲೇ ಆರಂಭಿಸಬಹುದು. ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ 1933ರಲ್ಲಿ ಬಂದಿತು. ಎರಡರ ನಡುವೆ ಇರುವುದು ಎರಡೇ ವರ್ಷಗಳ ಅಂತರ; ಆದರೆ ದೃಷ್ಟಿಯಲ್ಲಿ ಇರುವ ಅಂತರ ದೊಡ್ಡದು. ಮೊದಲನೆಯದು ಹಾಡನ್ನು ಎತ್ತಿಕೊಂಡಿತು. ಹಾಡುವವಳನ್ನು ‘ಗರತಿ’ ಎಂಬ ಒಂದು ಪದದಲ್ಲಿ ನಿಲ್ಲಿಸಿತು. ಆ ಪದವು ಒಬ್ಬ ಹೆಣ್ಣಿನ ಊರನ್ನಾಗಲಿ ವಯಸ್ಸನ್ನಾಗಲಿ ಹೇಳುವುದಿಲ್ಲ, ಶೀಲವನ್ನು ಹೇಳುತ್ತದೆ. ಹಾಗೆ ಹೆಸರಿಟ್ಟ ಕೂಡಲೇ ಯಾವ ಹಾಡು ಸಂಗ್ರಹಕ್ಕೆ ಯೋಗ್ಯ, ಯಾವುದು ಅಲ್ಲ ಎಂಬ ತೀರ್ಮಾನವೂ ಅರ್ಧ ಆದಂತೆಯೇ. ಎರಡನೆಯ ಕೃತಿಯ ರಂಗಸ್ವಾಮಿಯವರಾದರೋ ತಮ್ಮ ಹುಟ್ಟೂರಾದ ಬಂಡಿಹೊಳೆಯನ್ನು, ಅದರ ಜನ, ಬದುಕು, ಹಾಡುಗಳನ್ನು ಒಂದೇ ಹಿಡಿಯಲ್ಲಿ ಹಿಡಿಯಲು ಯತ್ನಿಸಿದರು. ಅವರಿಗೆ ಹಾಡು ಒಂದು ಊರಿನ ಒಂದು ಕಾಲದ ಮಾತಾಗಿತ್ತು. ಮುಂದಿನ ತಲೆಮಾರು ಅನುಸರಿಸಿದ್ದು ಮಾತ್ರ ಬಹುವಾಗಿ ಮೊದಲನೆಯ ಮಾದರಿಯನ್ನು. ಹಲಸಂಗಿಯವರ ಸಂಗ್ರಹದ ಕಾವ್ಯಗುಣಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಕುಂದಿರುವುದು ಅದನ್ನು ಏಕೈಕ ಮಾದರಿಯನ್ನಾಗಿ ಮಾಡಿಕೊಂಡ ನಂತರದ ಅಭ್ಯಾಸದಲ್ಲಿ.

ಈ ಅಭ್ಯಾಸದ ಮುಖ್ಯ ಲಕ್ಷಣ ‘ಅಳಿಯುವ ಮುನ್ನ ಉಳಿಸಿಕೊಳ್ಳುವ’ ಆತುರ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಹೊರಬಂದ ಸಂಗ್ರಹಗಳ ಮುನ್ನುಡಿಗಳನ್ನು ಒಟ್ಟಿಗೆ ಓದಿದವರಿಗೆ ಮರೆಯಾಗುತ್ತಿರುವ, ನಶಿಸುತ್ತಿರುವ, ಕೊನೆಯುಸಿರೆಳೆಯುತ್ತಿರುವ ಎಂಬ ವಿಶೇಷಣಗಳು ಎಷ್ಟು ಸಲ ಎದುರಾಗುತ್ತವೆಂಬುದು ಗೊತ್ತಿದೆ. ಆತುರ ಸುಳ್ಳಾಗಿರಲಿಲ್ಲ. ಆದರೆ ಸಾಯುತ್ತಿರುವುದೆಂದು ಮೊದಲೇ ತೀರ್ಮಾನವಾದುದರ ಬಗ್ಗೆ ಅದು ಹೇಗೆ ಬದುಕಿದೆ, ಏನನ್ನು ಬಿಟ್ಟು ಏನನ್ನು ಕೂಡಿಸಿಕೊಂಡಿದೆ ಎಂದು ಕೇಳುವ ಅಗತ್ಯ ಕಾಣಿಸುವುದಿಲ್ಲ. ಬೆಂಗಳೂರಿನ ಜನಸಂಖ್ಯೆ 1941ರಲ್ಲಿ ಸುಮಾರು 4 ಲಕ್ಷವಿದ್ದುದು 1951ರಲ್ಲಿ 7.8 ಲಕ್ಷದ ಹತ್ತಿರಕ್ಕೆ ಬಂದಿತು. 2011ರ ಜನಗಣತಿಯಲ್ಲಿ ಮಹಾನಗರ ಪಾಲಿಕೆಯ ವ್ಯಾಪ್ತಿಯೊಳಗೆ ಮಾತ್ರವೇ 84 ಲಕ್ಷವನ್ನು ದಾಟಿತು. ಈ ಬೆಳವಣಿಗೆಯಲ್ಲಿ ನಗರದೊಳಕ್ಕೆ ಬಂದ ಹಳ್ಳಿಗಳನ್ನು ಅಧ್ಯಯನವು ಮುಗಿದ ಅಧ್ಯಾಯವೆಂದು ಎಣಿಸಿತು. ಸೈಟುಗಳ ನಕ್ಷೆ ಊರನ್ನು ಮುಚ್ಚುವ ಮೊದಲೇ ಜಾನಪದದ ನಕ್ಷೆ ಅದನ್ನು ಅಳಿಸಿಹಾಕಿತ್ತು.

ವರ್ಗೀಕರಣದ ಹಂತಕ್ಕೆ ಬಂದರೆ ಸಮಸ್ಯೆ ಇನ್ನೂ ವಿಚಿತ್ರ ರೂಪ ತಾಳುತ್ತದೆ. ಆಕರಗಳನ್ನು ಜಿಲ್ಲಾವಾರು ವಿಂಗಡಿಸುವ ಪದ್ಧತಿ ಸರ್ವಸಮ್ಮತವಾಗಿ ಬಳಕೆಯಲ್ಲಿದೆ. ರಾಮನಗರದ ಬಳಿಯ ಒಂದು ಹಳ್ಳಿಯಲ್ಲಿ ಹಾಡಲಾಗುವ ಸೋಬಾನೆ ಪದವೊಂದನ್ನು ಊಹಿಸಿಕೊಳ್ಳಬಹುದು. 1980ರಲ್ಲಿ ದಾಖಲಾಗಿದ್ದರೆ ಅದು ಬೆಂಗಳೂರು ಜಿಲ್ಲೆಯ ಹಾಡು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾದ ನಂತರ ಅದು ಗ್ರಾಮಾಂತರದ ಹಾಡು. 2007ರಲ್ಲಿ ರಾಮನಗರ ಜಿಲ್ಲೆಯಾದಾಗ ರಾಮನಗರದ ಹಾಡು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾದ ಮೇಲೆ ಅದು ಬೆಂಗಳೂರು ದಕ್ಷಿಣದ ಹಾಡು. ಹಾಡು ಒಂದು ಅಂಗುಲವೂ ಕದಲಿಲ್ಲ. ಹಾಡುವವಳ ಮನೆಯ ಹೊಸಿಲೂ ಕದಲಿಲ್ಲ. ಇದೇ ಕಾಲದಲ್ಲಿ ಅದೇ ರಸ್ತೆಯ ಇನ್ನೊಂದು ತುದಿಯ ನಾಯಂಡಹಳ್ಳಿ 1986ರ ಗೆರೆಯ ಈಚೆಗೆ, ನಗರ ಜಿಲ್ಲೆಯಲ್ಲಿ ಉಳಿಯಿತು. ಆಡಳಿತದ ಅನುಕೂಲಕ್ಕೆ ಎಳೆದ ಗೆರೆಯೊಂದು ‘ಜಾನಪದ ಇರುವ ಕಡೆ’, ‘ಇಲ್ಲದ ಕಡೆ’ ಎಂಬ ಗೆರೆಯಾಗಿ ಪರಿಣಮಿಸಿದ್ದು ಹೀಗೆ.

ದೊಡ್ಡ ವಲಯಗಳ ವಿಷಯದಲ್ಲಿಯೂ ಸ್ಥಿತಿ ಭಿನ್ನವಲ್ಲ. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಹಳೆಯ ಮೈಸೂರು ಎಂಬ ಹೆಸರುಗಳು 1956ಕ್ಕೆ ಮೊದಲು ಯಾರು ಎಲ್ಲಿ ಕಂದಾಯ ಎತ್ತುತ್ತಿದ್ದರು ಎಂಬುದರ ನೆನಪುಗಳು. ಅವುಗಳಲ್ಲಿ ಒಂದನ್ನು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಬದಲಿಸಲಾಯಿತು. ಜಾನಪದ ಪ್ರಬಂಧಗಳು ಈ ಹೆಸರುಗಳನ್ನು ಸಂಸ್ಕೃತಿಯ ವಲಯಗಳೆಂಬಂತೆ ಬಳಸುತ್ತ ಬಂದಿವೆ. ರಾಗಿ ಬೆಳೆಯುವ ನೆಲ, ಜೋಳ ಬೆಳೆಯುವ ನೆಲ, ಭತ್ತ ಬೆಳೆಯುವ ನೆಲ ಎಂಬ ವಿಂಗಡಣೆ ಇದಕ್ಕಿಂತ ಹೆಚ್ಚು ಅರ್ಥಪೂರ್ಣ. ಏಕೆಂದರೆ ಬೀಸುವ ಕಲ್ಲಿನ ಹಾಡು, ಹಬ್ಬದ ಎಡೆ, ಮದುವೆಯ ಕಾಲ, ಕಣದ ಆಚರಣೆಗಳು ಧಾನ್ಯವನ್ನು ಅನುಸರಿಸುತ್ತವೆಯೇ ಹೊರತು ಹಳೆಯ ಸರ್ಕಾರಗಳ ಗಡಿಗಳನ್ನಲ್ಲ.

ವ್ಯಾಖ್ಯಾನದ ಹಂತದಲ್ಲಿ ಈ ತಪ್ಪಿಗೆ ಒಂದು ವಿದ್ವತ್ ವಂಶಾವಳಿಯೇ ಇದೆ. ಫಿನ್ಲೆಂಡಿನ ಜೂಲಿಯಸ್ ಕ್ರೋನ್ ಮತ್ತು ಕಾರ್ಲೆ ಕ್ರೋನ್ ರೂಪಿಸಿದ ಐತಿಹಾಸಿಕ–ಭೌಗೋಳಿಕ ವಿಧಾನವು ಕಥೆಯೊಂದರ ಪಾಠಾಂತರಗಳನ್ನು ನಕ್ಷೆಯ ಮೇಲೆ ಹರಡಿ, ಅವುಗಳ ಮೂಲಕ ಮೂಲರೂಪವನ್ನು ತಲುಪಬಹುದೆಂದು ನಂಬಿತು. ಸ್ಥಳಗಳ ನಕ್ಷೆಯಿಂದ ಕಾಲಾನುಕ್ರಮವನ್ನು ಪಡೆಯುವ ಪ್ರಯತ್ನವಿದು. ಸ್ವೀಡನ್ನಿನ ಫಾನ್ ಸಿಡೋ ಇದನ್ನು ವಿರೋಧಿಸಿ, ಕಥೆ ನೀರಿನ ಅಲೆಯಂತೆ ಎಲ್ಲ ಕಡೆಗೂ ಸಮನಾಗಿ ಹರಡುವುದಿಲ್ಲ, ಅದನ್ನು ಹೊತ್ತೊಯ್ಯುವ ಕೆಲವೇ ಜನರಿರುತ್ತಾರೆ, ಹೋದ ಕಡೆ ಅದು ಆ ನೆಲಕ್ಕೆ ಒಗ್ಗಿದ ರೂಪ ಪಡೆಯುತ್ತದೆ ಎಂದು ವಾದಿಸಿದರು. ವಸ್ತುಸಂಗ್ರಹಾಲಯಗಳ ಕ್ಷೇತ್ರದಲ್ಲಿ ಇದಕ್ಕೂ ಮೊದಲೇ, 1887ರಲ್ಲಿ, ಫ್ರಾಂಜ್ ಬೋವಸ್ ಇಂತಹದೇ ಆಕ್ಷೇಪ ಎತ್ತಿದ್ದರು. ಬೇರೆ ಬೇರೆ ಜನಾಂಗಗಳ ಉಪಕರಣಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ, ಸರಳದಿಂದ ಸಂಕೀರ್ಣಕ್ಕೆ ಏರುವ ಮೆಟ್ಟಿಲುಗಳಂತೆ ತೋರಿಸುವುದು ತಪ್ಪು. ಆಯಾ ವಸ್ತು ಆಯಾ ಸಮುದಾಯದ ಇತರ ವಸ್ತುಗಳ ನಡುವೆಯೇ ಅರ್ಥ ಪಡೆಯುತ್ತದೆ ಎಂಬುದು ಅವರ ನಿಲುವು. ಕನ್ನಡದ ಮಟ್ಟಿಗೆ ಎ.ಕೆ. ರಾಮಾನುಜನ್ ‘ಹಂಚಿ’ ಕಥೆಯ ವಿಶ್ಲೇಷಣೆಯಲ್ಲಿ ಈ ಎಚ್ಚರವನ್ನು ತೋರಿದರು. ಮಣ್ಣಿನ ಮುಖವಾಡ ತೊಟ್ಟ ಆ ಹುಡುಗಿ ಸಿಂಡ್ರೆಲಾಳ ದೂರದ ತಂಗಿ ನಿಜ; ಆದರೆ ಅವಳ ಕಥೆ ಐರೋಪ್ಯ ಕಥೆಯ ಸವೆದ ಪ್ರತಿಯಲ್ಲ, ತನ್ನದೇ ಕುಟುಂಬವ್ಯವಸ್ಥೆಯ ಒಳಗಿನಿಂದ ಹುಟ್ಟಿದ ಮಾತು.

ದೂರವೇ ಹಳತನಕ್ಕೆ ಅಳತೆ ಎಂಬ ನಂಬಿಕೆಗೆ ಅತ್ಯಂತ ಬಲವಾದ ಪ್ರತಿಸಾಕ್ಷ್ಯ ಇದೇ ಮೈಸೂರು ರಸ್ತೆಯ ಮಂಡ್ಯದ ಬಳಿ ದೊರೆತದ್ದು. 1950ರ ದಶಕದ ಮಧ್ಯದಲ್ಲಿ ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಅಲ್ಲಿನ ಎರಡು ಹಳ್ಳಿಗಳನ್ನು ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳಲ್ಲಿ ಅಧ್ಯಯನ ಮಾಡಿ 1962ರಲ್ಲಿ ಗ್ರಂಥ ಪ್ರಕಟಿಸಿದರು. ಎರಡೂ ಒಂದೇ ಸೀಮೆಯವು; ಭಾಷೆ ಒಂದೇ, ಪ್ರಬಲ ಜಾತಿಯೂ ಒಂದೇ. ವಂಗಲದ ಹೊಲಗಳಿಗೆ ನಾಲೆಯ ನೀರು ಬಂದಿತು; ದಲೇನಕ್ಕೆ ಬರಲಿಲ್ಲ. ನೀರು ಬಂದ ಊರಿನವರು ಕಬ್ಬು ಬೆಳೆದು ಸ್ಥಿತಿವಂತರಾದರೂ ಹಳೆಯ ಆಯದ ಸಂಬಂಧಗಳನ್ನೂ ಆಚರಣೆಗಳನ್ನೂ ಬಹುಮಟ್ಟಿಗೆ ಉಳಿಸಿಕೊಂಡರು. ನೀರು ಬಾರದ ಊರಿನವರು ಕೆಲಸಕ್ಕೂ ವ್ಯಾಪಾರಕ್ಕೂ ಮಂಡ್ಯ ಪಟ್ಟಣದ ಕಡೆ ಮುಖಮಾಡಿದರು. ಅವರಲ್ಲಿಯೇ ಸಾಮಾಜಿಕ ಬದಲಾವಣೆ ಹೆಚ್ಚು ಆಳವಾಗಿ ನಡೆಯಿತು. ಇಲ್ಲಿ ಯಾವ ಊರು ಹಿಂದಿನ ಕಾಲದ್ದು, ಯಾವುದು ಮುಂದಿನದು? ಪ್ರಶ್ನೆಯೇ ಅಸಂಗತ. ಎರಡೂ 1955ರ ಊರುಗಳೇ. ಭಿನ್ನತೆಯನ್ನು ಉಂಟುಮಾಡಿದ್ದು ಕಾಲವಲ್ಲ. ನೀರು ಮತ್ತು ದುಡಿಮೆ. ಜಾನಪದ ಅಧ್ಯಯನ ಈ ಗ್ರಂಥವನ್ನು ಅರ್ಥಶಾಸ್ತ್ರದ ಕಪಾಟಿನಲ್ಲಿ ಬಿಟ್ಟದ್ದು ಅದರ ನಷ್ಟ.

ಇದೇ ಮಾತು ಕರಗದ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಹೆಸರಿನ ಆಚರಣೆ ಹಲವು ಪ್ರದೇಶಗಳಲ್ಲಿ ಹಲವು ರೂಪಗಳಲ್ಲಿರುವುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ.

ಬೆಂಗಳೂರು ಪೇಟೆಯ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ಕರಗ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡುತ್ತದೆ. ಹೊರುವ ಅರ್ಚಕ ಬಳೆ, ಕುಂಕುಮ, ತಾಳಿ ಧರಿಸಿ ದ್ರೌಪದಿಯ ಆವೇಶವನ್ನು ಮೈಮೇಲೆ ತಂದುಕೊಳ್ಳುತ್ತಾನೆ; ಮಲ್ಲಿಗೆಯ ಗೋಪುರದಂತಹ ಕರಗವನ್ನು ಕೈಯಿಂದ ಮುಟ್ಟದೆ ತಲೆಯ ಮೇಲೆ ನಿಲ್ಲಿಸಿಕೊಂಡು ಬೆಳಗಿನವರೆಗೆ ಪೇಟೆಯನ್ನು ಸುತ್ತುತ್ತಾನೆ. ಕತ್ತಿ ಹಿರಿದ ವೀರಕುಮಾರರು ಸುತ್ತ ಕಾವಲಿರುತ್ತಾರೆ. ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದು ಪದ್ಧತಿ. ಇದನ್ನು ನಡೆಸುವ ತಿಗಳ ಸಮುದಾಯ ಕೆರೆಗಳ ನೀರಿನಲ್ಲಿ ಹೂವು, ತರಕಾರಿ, ಹಣ್ಣು ಬೆಳೆದು ನಗರಕ್ಕೆ ಒದಗಿಸುತ್ತಿದ್ದ ತೋಟಗಾರ ಸಮುದಾಯ.

ಮಡಿಕೇರಿಯಲ್ಲಿ ಕರಗವೆಂದರೆ ಬೇರೆಯೇ. ಅಲ್ಲಿನ ದ್ರೌಪದಿ ಮಹಾಭಾರತದಲ್ಲಿಯೇ ಉಳಿದಿದ್ದಾಳೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿ, ಕೋಟೆ ಮಾರಿಯಮ್ಮ ಎಂಬ ನಾಲ್ಕು ಶಕ್ತಿದೇವತೆಗಳ ಕರಗಗಳು ನವರಾತ್ರಿಯ ಆರಂಭದಲ್ಲಿ ಪಂಪಿನ ಕೆರೆಯಿಂದ ಹೊರಟು, ದಸರೆಯ ದಿನಗಳಲ್ಲಿ ಊರನ್ನು ಸುತ್ತುತ್ತವೆ. ಹಾಲೇರಿ ಅರಸರ ಕಾಲದಲ್ಲಿ ಹಬ್ಬಿದ ಸಾಂಕ್ರಾಮಿಕ ರೋಗದ ನಿವಾರಣೆಗೆ ಇದು ಆರಂಭವಾಯಿತೆಂಬುದು ಅಲ್ಲಿನ ಐತಿಹ್ಯ. ತಮಿಳುನಾಡಿನ ಉತ್ತರ ಭಾಗದಲ್ಲಿ ದ್ರೌಪದಿಯ ಆರಾಧನೆಯು ಭಾರತದ ಕಥೆಯ ಪ್ರವಚನ, ಬಯಲಾಟ, ಕೆಂಡ ಹಾಯುವಿಕೆಗಳೊಂದಿಗೆ ಸೇರಿಕೊಂಡಿದೆ. ಆಲ್ಫ್ ಹಿಲ್ಟೆಬೈಟಲ್ 1988 ಮತ್ತು 1991ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿ ಸೆಂಜಿಯ ಸೀಮೆಯನ್ನು ಅದರ ಹೃದಯವೆಂದು ಗುರುತಿಸಿದ್ದಾರೆ. ಅಲ್ಲಿಂದ ಹಡಗು ಹತ್ತಿದ ಕೂಲಿಕಾರರೊಂದಿಗೆ ಅದು ಸಿಂಗಪುರದ ಮಾರಿಯಮ್ಮನ ಗುಡಿಯನ್ನೂ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕಬ್ಬಿನ ತೋಟಗಳನ್ನೂ ತಲುಪಿತು.

ಇವುಗಳನ್ನು ಒಂದು ಸರಣಿಯಲ್ಲಿ ನಿಲ್ಲಿಸುವ ಆಕರ್ಷಣೆ ಸಹಜ. ಮಡಿಕೇರಿಯ ಕಲಶ ಆದಿಮ ಮಾತೃದೇವತೆಯ ಪಳೆಯುಳಿಕೆ, ತಮಿಳು ನಾಡಿನದು ಮೂಲರೂಪ, ಬೆಂಗಳೂರಿನದು ಮಹಾಭಾರತೀಕರಣಗೊಂಡ ನಗರರೂಪ, ಸಿಂಗಪುರದ್ದು ಅವಶೇಷ ಎಂದು ಬರೆದರೆ ಪ್ರಬಂಧಕ್ಕೆ ಅಚ್ಚುಕಟ್ಟಾದ ಅಧ್ಯಾಯಗಳು ದೊರೆಯುತ್ತವೆ. ಆದರೆ ಸಾಕ್ಷ್ಯ ಇದಕ್ಕೆ ಒಪ್ಪುವುದಿಲ್ಲ. ಮಡಿಕೇರಿಯ ಐತಿಹ್ಯವೇ ತನ್ನ ಆಚರಣೆಯನ್ನು ಅರಸೊತ್ತಿಗೆಯ ಪಟ್ಟಣವೊಂದರ ರೋಗಭೀತಿಗೆ ಜೋಡಿಸುತ್ತದೆ. ಅದು ಕಾಡಿನ ಆದಿಮತೆಯ ಮಾತಾಡುವುದಿಲ್ಲ. ಬೆಂಗಳೂರಿನ ಕರಗದ ಬಗ್ಗೆ ಸ್ಮೃತಿ ಶ್ರೀನಿವಾಸ್ 2001ರ ತಮ್ಮ ಗ್ರಂಥದಲ್ಲಿ ತೋರಿಸಿರುವಂತೆ, ಮೆರವಣಿಗೆಯ ದಾರಿಯು ಕೆರೆ, ತೋಟ, ಕೋಟೆ, ಪೇಟೆಗಳ ಒಂದು ನಗರವನ್ನು ಪ್ರತಿವರ್ಷವೂ ಮತ್ತೆ ಕಟ್ಟುತ್ತದೆ. ಸಂಪಂಗಿ ಕೆರೆ ಕ್ರೀಡಾಂಗಣವಾಗಿದೆ. ಉಳಿದ ಸಣ್ಣ ಕೊಳ ಕರಗದ ವಿಧಿಗೆಂದೇ ಉಳಿದಿದೆ. ಅಂದರೆ ಆಚರಣೆಯು ಕೆರೆಯ ನೆನಪನ್ನು ಹೊತ್ತಿರುವುದಷ್ಟೇ ಅಲ್ಲ, ಕೆರೆಯ ಒಂದು ತುಣುಕನ್ನು ನಗರದ ಕೈಯಿಂದ ಬಿಡಿಸಿಕೊಂಡೂ ಇದೆ. ಇದು ಪಳೆಯುಳಿಕೆಯ ವರ್ತನೆಯಲ್ಲ. ಆನೇಕಲ್ಲು, ಹೊಸಕೋಟೆ, ಮಾಲೂರು, ಕೋಲಾರಗಳ ಕರಗಗಳನ್ನೂ ಬೆಂಗಳೂರಿನ ನಕಲುಗಳೆಂದು ಬದಿಗಿಡದೆ ಆಯಾ ಊರಿನ ಕೆರೆ, ತೋಟ, ಸಂತೆಗಳೊಡನೆ ಇಟ್ಟು ನೋಡಿದಾಗ ಮಾತ್ರ ಹೋಲಿಕೆಗೆ ಬೆಲೆ ಬರುತ್ತದೆ.

ಗ್ರಾಮದೇವತೆಗಳ ಅಧ್ಯಯನದಲ್ಲಿ ಕಾಲದ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಮರೆಯಾಗಿದೆ. ಗ್ರಾಮದೇವತೆ ಎಂದೊಡನೆ ‘ಅನಾದಿ’ ಎಂಬ ಪದ ಬರುವುದು ವಾಡಿಕೆ. ಆದರೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ನಂತರ ನೆಲೆಗೊಂಡ ಪ್ಲೇಗಮ್ಮ, ಪ್ಲೇಗು ಮಾರಮ್ಮರಿಗೆ ಜನ್ಮವರ್ಷವನ್ನೇ ಹೇಳಬಹುದು. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ಮೂರ್ತಿ ಸ್ಥಾಪನೆಯಾದಾಗ ಪತ್ರಿಕೆಗಳು ಅದನ್ನು ವಿಚಿತ್ರ ಸುದ್ದಿಯಾಗಿ ಕಂಡವು. ಜಾನಪದ ವಿದ್ವಾಂಸರಿಗೆ ಅದು ವಿಚಿತ್ರವಾಗಿ ಕಾಣಬೇಕಿರಲಿಲ್ಲ. ಮಾರಿಯನ್ನು ಹೆಸರಿಟ್ಟು, ಕೂರಿಸಿ, ಉಣಿಸಿ, ಊರಾಚೆ ಕಳುಹಿಸುವ ವಿಧಾನ ಹಳೆಯದು. ಹೆಸರು ಮಾತ್ರ ಆಯಾ ರೋಗದ್ದು. ವಿಧಾನದ ಹಳತನವನ್ನೂ ಹೆಸರಿನ ಹೊಸತನವನ್ನೂ ಒಟ್ಟಿಗೆ ಹೇಳಲು ಬರುವ ಪರಿಭಾಷೆ ಇಲ್ಲದಿರುವುದೇ ತೊಡಕು.

ಮೆಜೆಸ್ಟಿಕ್ ಬಳಿಯ ಅಣ್ಣಮ್ಮದೇವಿ ಇದಕ್ಕಿಂತ ಕುತೂಹಲಕರ. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಸಮೀಪದಲ್ಲಿದ್ದ ಈಕೆ ಈಗ ಆ ಕೆರೆಯಂಗಳದಲ್ಲಿ ಎದ್ದ ಬಸ್ ನಿಲ್ದಾಣದ ನೆರೆಯವಳು. ಗ್ರಾಮದೇವತೆಯ ಶಾಸ್ತ್ರೀಯ ಲಕ್ಷಣ ಗಡಿ ಕಾಯುವುದು. ಅವಳು ಊರಿನ ಎಲ್ಲೆಯಲ್ಲಿ ಕುಳಿತಿರುತ್ತಾಳೆ, ಜನ ಅವಳಲ್ಲಿಗೆ ಹೋಗುತ್ತಾರೆ. ಅಣ್ಣಮ್ಮನ ಉತ್ಸವಮೂರ್ತಿಯಾದರೋ ಬಡಾವಣೆಯಿಂದ ಬಡಾವಣೆಗೆ ತಾನೇ ಹೋಗುತ್ತದೆ. ಬೀದಿಯ ಯುವಕರ ಸಂಘ ಪೆಂಡಾಲು ಹಾಕಿ, ಹೂವಿನ ಪಲ್ಲಕ್ಕಿಯಲ್ಲಿ ಕರೆತಂದು, ರಾತ್ರಿ ವಾದ್ಯಗೋಷ್ಠಿ ಏರ್ಪಡಿಸುತ್ತದೆ; ನವೆಂಬರಿನಲ್ಲಾದರೆ ಪಕ್ಕದಲ್ಲಿ ರಾಜ್‌ಕುಮಾರರ ಚಿತ್ರವೂ ಕನ್ನಡ ಬಾವುಟವೂ ಇರುತ್ತವೆ. ಇದನ್ನು ಆಚರಣೆಯ ವಿಕೃತಿ ಎಂದು ಬರೆದವರಿದ್ದಾರೆ. ಎಲ್ಲೆಯೇ ಗೊತ್ತಾಗದ ನಗರದಲ್ಲಿ ಎಲ್ಲೆಯ ದೇವತೆ ಎಲ್ಲಿ ಕುಳಿತುಕೊಳ್ಳಬೇಕು ಎಂದು ಅವರು ಕೇಳಿಕೊಂಡಂತಿಲ್ಲ. ಒಂದು ಬೀದಿ ತನ್ನನ್ನು ತಾನು ಊರೆಂದು ಘೋಷಿಸಿಕೊಳ್ಳಲು ದೇವಿಯನ್ನು ಮೂರು ದಿನಕ್ಕೆ ಕರೆತರುತ್ತದೆ. ಗಡಿ ಹಾಕುವ ಕೆಲಸವನ್ನೇ ಅವಳು ಈಗಲೂ ಮಾಡುತ್ತಿದ್ದಾಳೆ.

ನಾಯಂಡಹಳ್ಳಿಯಂತಹ ನೆಲೆಯಲ್ಲಿ ನಿಂತು ನೋಡಿದಾಗ ಕಾಣುವ ಮತ್ತೊಂದು ಸಂಗತಿ ನದಿಯದು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಐತಿಹ್ಯವಿರುವ ವೃಷಭಾವತಿ, ವ್ಯಾಸರಾಯರ ಪ್ರತಿಷ್ಠೆಯೆಂದು ಪ್ರತೀತಿಯಿರುವ ಗಾಳಿ ಆಂಜನೇಯನ ಗುಡಿಯ ಬದಿಯಿಂದ ನಾಯಂಡಹಳ್ಳಿ, ಕೆಂಗೇರಿಗಳನ್ನು ಹಾದು ಭೈರಮಂಗಲದ ಜಲಾಶಯವನ್ನು ಸೇರಿ ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಈಗ ಅದರಲ್ಲಿ ಹರಿಯುವುದು ಹೆಚ್ಚಾಗಿ ನಗರದ ಕೊಳಚೆ. ಗಂಗೆ ತರುವ, ಗಂಗೆ ಪೂಜಿಸುವ ಪ್ರತಿಯೊಂದು ಶುಭಕಾರ್ಯಕ್ಕೂ ಹರಿಯುವ ನೀರು ಬೇಕಾದ ಸಂಸ್ಕೃತಿಯಲ್ಲಿ ಇದರ ಪರಿಣಾಮ ಸಣ್ಣದಲ್ಲ. ಕೊಳವೆಬಾವಿಯ ಬಳಿಯೋ ನಲ್ಲಿಯ ಬಳಿಯೋ ಗಂಗೆಯ ಪೂಜೆ ನಡೆಯುವುದನ್ನು ನಗರದ ಅಂಚಿನ ಊರುಗಳಲ್ಲಿ ಕಾಣಬಹುದು. ಆದರೆ ಮುಖ್ಯ ಮಾತು ಬೇರೆ ಇದೆ. ಕೆಳದಂಡೆಯ ಭೈರಮಂಗಲದ ಸುತ್ತಲಿನ ರೈತರ ಬೆಳೆ ಬದಲಾದದ್ದು, ಬೆಳೆಯೊಂದಿಗೆ ಕಣದ ಆಚರಣೆ ಬದಲಾದದ್ದು ಅವರು ನಗರಕ್ಕೆ ‘ತಡವಾಗಿ’ ಎಚ್ಚೆತ್ತ ಕಾರಣದಿಂದಲ್ಲ. ನಗರದ ನೀರು ಅವರ ಗದ್ದೆಗೆ ಬಂದ ಕಾರಣದಿಂದ. ಮೇಲ್ದಂಡೆಯ ಬಡಾವಣೆ ಮತ್ತು ಕೆಳದಂಡೆಯ ಹಳ್ಳಿ ಒಂದೇ ವರ್ಷದಲ್ಲಿ, ಒಂದೇ ನೀರಿನಲ್ಲಿ ಬದುಕುತ್ತಿವೆ. ಅಧ್ಯಯನ ಮಾಡುವವನು ತನ್ನ ಜೊತೆಯಲ್ಲಿಯೇ ಬದುಕುತ್ತಿರುವವರನ್ನು ಬರವಣಿಗೆಯಲ್ಲಿ ಮಾತ್ರ ಹಿಂದಿನ ಕಾಲಕ್ಕೆ ತಳ್ಳುತ್ತಾನೆ ಎಂದು ಯೊಹಾನ್ನೆಸ್ ಫಾಬಿಯನ್ 1983ರಲ್ಲಿ ಮಾನವಶಾಸ್ತ್ರದ ಬಗ್ಗೆ ಎತ್ತಿದ ಆಕ್ಷೇಪ ಈ ದಂಡೆಯಲ್ಲಿ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ನಗರದ ಈ ಭಾಗಕ್ಕೆ ಕಟ್ಟಡ ಕೆಲಸಕ್ಕೆಂದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಬರುವವರ ಸಂಗತಿಯನ್ನು ಸೇರಿಸದೆ ಚಿತ್ರ ಪೂರ್ಣವಾಗದು. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯ ಹಳ್ಳಿಗಳಲ್ಲಿ ಮೊಹರಮ್ಮು ಊರಿಗೆ ಊರೇ ಸೇರಿ ಮಾಡುವ ಹಬ್ಬ. ಅಲಾಯಿ ದೇವರ ಮುಂದೆ ಕುಣಿತ, ರಿವಾಯತ್ ಪದಗಳು ಇರುತ್ತವೆ. ಮುಸ್ಲಿಮರ ಮನೆಯೇ ಇಲ್ಲದ ಊರಿನಲ್ಲಿಯೂ ಅದು ನಡೆಯುವುದುಂಟು. ಅದೇ ಹಬ್ಬಕ್ಕೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವೆಂದು ಹೆಸರು. ಹೆಸರು ಎರಡಾದರೂ ಎರಡು ಸೀಮೆಗಳಲ್ಲಿಯೂ ಅದು ಚಾಂದ್ರಮಾನದ ಹಿಜರಿ ಪಂಚಾಂಗವನ್ನು ಅನುಸರಿಸಿ ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತ, ಮೂರು ದಶಕಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಒಮ್ಮೆ ಬಿತ್ತನೆಯ ಕಾಲದ ಹಬ್ಬ, ಒಮ್ಮೆ ಸುಗ್ಗಿಯ ಕಾಲದ ಹಬ್ಬ. ಹಬ್ಬವನ್ನು ಕೃಷಿಚಕ್ರಕ್ಕೆ ಕಟ್ಟಿಹಾಕಿ ವಿವರಿಸುವ ರೂಢಿಯ ಅಧ್ಯಾಯಗಳಲ್ಲಿ ಇದಕ್ಕೆ ಜಾಗ ಸಿಗದಿರುವುದು ಆಶ್ಚರ್ಯವಲ್ಲ. ದುಡಿಯಲು ಬಂದವರು ಈ ಹಬ್ಬಕ್ಕೆ ಊರಿಗೆ ಹೋಗಿ ಬರುತ್ತಾರೆ. ಅವರ ಊರಿನ ಹಬ್ಬದ ಖರ್ಚಿನಲ್ಲಿ ಬೆಂಗಳೂರಿನ ಕೂಲಿಯ ಪಾಲಿದೆ. ಆ ಹಬ್ಬ ಯಾವ ಪ್ರದೇಶದ್ದು?

ಈ ವಾದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಎಲ್ಲವೂ ರೂಪಾಂತರವೇ ಆದರೆ ನಷ್ಟವೆಂಬುದೇ ಇಲ್ಲವೇ? ಖಂಡಿತ ಇದೆ. ಹಿಟ್ಟಿನ ಗಿರಣಿ ಬಂದಾಗ ಬೀಸುವ ಕಲ್ಲು ಮೂಲೆ ಸೇರಿತು. ನಸುಕಿನಲ್ಲಿ ಒಂಟಿಯಾಗಿಯೋ ಜೊತೆಯಾಗಿಯೋ ಕುಳಿತ ಹೆಂಗಸಿಗೆ ತವರನ್ನೂ ಅತ್ತೆಯನ್ನೂ ತನ್ನ ಹೊಟ್ಟೆಯ ಸಂಕಟವನ್ನೂ ಮೂರು ಸಾಲಿನಲ್ಲಿ ಹೇಳಿಕೊಳ್ಳಲು ಇದ್ದ ಅವಕಾಶ ಹೋಯಿತು. ತ್ರಿಪದಿ ಪುಸ್ತಕದಲ್ಲಿ, ರೇಡಿಯೊದಲ್ಲಿ, ವೇದಿಕೆಯ ಮೇಲೆ ಉಳಿಯಿತು. ಆದರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂಬ ಧೈರ್ಯದಲ್ಲಿ ಹಾಡುವ ಸ್ವಾತಂತ್ರ್ಯ ವೇದಿಕೆಗೆ ಬರುವುದಿಲ್ಲ. ಆ ನಷ್ಟ ಭರ್ತಿಯಾಗಿಲ್ಲ, ಆಗುವಂತಹದೂ ಅಲ್ಲ. ಇಷ್ಟನ್ನು ಒಪ್ಪಿಯೂ ಹೇಳಬೇಕಾದದ್ದು, ಗಿರಣಿಯಿಂದ ಆ ಹೆಂಗಸಿಗೆ ಬೆನ್ನುನೋವೂ ತಪ್ಪಿತು. ಹಾಡಿನ ಕಡೆಯಿಂದ ಮಾತ್ರ ಬರೆದ ಇತಿಹಾಸದಲ್ಲಿ ಅವಳ ಬೆನ್ನು ಇರುವುದಿಲ್ಲ. ಯಾವುದು ನಷ್ಟ, ಯಾರಿಗೆ ನಷ್ಟ ಎಂದು ನಿರ್ದಿಷ್ಟವಾಗಿ ಹೇಳಬೇಕಾದರೆ ಬದಲಾವಣೆಯ ವರ್ಷ, ಕಾರಣ, ಊರುಗಳನ್ನು ದಾಖಲಿಸಿರಬೇಕು. ‘ಅನಾದಿಯಿಂದ ಬಂದು ಇತ್ತೀಚೆಗೆ ನಶಿಸುತ್ತಿದೆ’ ಎಂಬ ವಾಕ್ಯದಿಂದ ಅದು ಸಾಧ್ಯವಿಲ್ಲ.

ಆದುದರಿಂದ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಕ್ಷೇತ್ರಕಾರ್ಯದ ಅತ್ಯಂತ ಸಾಮಾನ್ಯ ಸಾಧನವಾದ ವಕ್ತೃವಿವರದ ನಮೂನೆಯಲ್ಲಿ. ಹೆಸರು, ವಯಸ್ಸು, ಜಾತಿ, ವಿದ್ಯಾಭ್ಯಾಸ, ಊರು, ತಾಲ್ಲೂಕು, ಜಿಲ್ಲೆ, ಸಂಗ್ರಹಿಸಿದ ದಿನಾಂಕ ಎಂಬ ಕಲಮುಗಳಿರುವ ಈ ಹಾಳೆ ವಿದ್ಯಾರ್ಥಿಗಳ ಕೈಯಿಂದ ಕೈಗೆ ಬಂದಿದೆ. ಊರಿಗೆ ಅದರಲ್ಲಿ ಒಂದೇ ಗೆರೆ. ಯಾದಗಿರಿಯ ಕಡೆಯಿಂದ ಬಂದು ನಾಯಂಡಹಳ್ಳಿಯ ಆಸುಪಾಸಿನ ಶೆಡ್ಡಿನಲ್ಲಿ ವಾಸವಿರುವ ಹೆಂಗಸೊಬ್ಬಳು ಮಗುವನ್ನು ಮಲಗಿಸುತ್ತ ಜೋಗುಳ ಹಾಡಿದರೆ ಆ ಗೆರೆಯಲ್ಲಿ ಏನನ್ನು ಬರೆಯಬೇಕು? ಹುಟ್ಟಿದೂರನ್ನು ಬರೆದರೆ ಅವಳು ಅಲ್ಲಿಲ್ಲ. ಇರುವ ಊರನ್ನು ಬರೆದರೆ ಹಾಡು ಇಲ್ಲಿಯದಲ್ಲ. ನಾಯಂಡಹಳ್ಳಿಯ ಹಳೆಯ ಮನೆತನದ ಮುದುಕಿಯ ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು: ಅವಳು ಹುಟ್ಟಿದಲ್ಲಿಂದ ಕದಲಿಲ್ಲ, ಕದಲಿದ್ದು ಊರು. ಮೊದಲನೆಯವಳ ಹಾಳೆಯಲ್ಲಿ ಎರಡು ಊರುಗಳಿಗೂ ಹೊರಟ ವರ್ಷಕ್ಕೂ ಜಾಗ ಬೇಕು. ಎರಡನೆಯವಳ ಹಾಳೆಯಲ್ಲಿ ಒಂದೇ ಊರಿನ ಹೆಸರಿನ ಎದುರು ಹೊಲ ಮಾರಿದ ವರ್ಷ, ಕೊನೆಯ ಸಲ ಕಣ ಪೂಜೆಯಾದ ವರ್ಷ, ಹೊಳೆಯ ನೀರನ್ನು ದೇವರಿಗೆ ತರುವುದು ನಿಂತ ವರ್ಷ, ಬಾಡಿಗೆಗೆ ಬಂದವರು ಊರ ಹಬ್ಬದ ವಂತಿಗೆ ಕೊಡಲು ಆರಂಭಿಸಿದ ವರ್ಷ, ಇವುಗಳಿಗೆ ಜಾಗ ಬೇಕು. ಹಾಡನ್ನು ಯಾರಿಂದ ಕಲಿತರು ಎಂಬುದರ ಜೊತೆಗೆ ಈಗ ಅದನ್ನು ಯಾರು ಕೇಳುತ್ತಾರೆ ಎಂಬುದೂ ಎರಡೂ ಹಾಳೆಗಳಲ್ಲಿ ಇರಬೇಕಾದ ಕಲಮು.